ಹೆಲ್ಮೆಟ್‌ ಒಳಗೆ ಕೂರದ ಲೈನರ್: ನನ್ನ ಅನುಭವ

ನನ್ನ ಹತ್ತಿರ ಎರಡನೇ ಮಹಾಯುದ್ಧದ ಜರ್ಮನ್ ಹೆಲ್ಮೆಟ್ ಒಂದಿದೆ, ಎಂ40 ಮಾದರಿ. ಅಂಚು ಒಳಕ್ಕೆ ಮಡಚಿದೆ, ಗಾಳಿಯ ತೂತನ್ನು ಉಕ್ಕಿನಲ್ಲೇ ಒತ್ತಿ ಮಾಡಿದ್ದಾರೆ. ಗುರುತು ಹಿಡಿದಿದ್ದು ಹಾಗೇ. ಒಳಗಿನ ಲೈನರ್, ಅಂದರೆ ತಲೆಗೆ ತಾಗುವ ಚರ್ಮದ ಒಳಪದರ, ಮಾತ್ರ ಇರಲಿಲ್ಲ. ಹಳೆಯದೊಂದನ್ನು ಹುಡುಕಿ ತಂದೆ. ಕೂರಲೇ ಇಲ್ಲ! ಹಿಡಿದಿಡಲು ಮೂರು ಪಿನ್ ಇರುತ್ತವೆ. ಒಂದನ್ನು ಹಾಕಿದರೆ ಇನ್ನೊಂದರ ತೂತು ಸರಿದುಹೋಗುತ್ತಿತ್ತು.

ಬಲವಂತ ಮಾಡಲಿಲ್ಲ, ಒಳ್ಳೆಯದೇ ಆಯಿತು. ಒಳಗೆ ಎಡಗಡೆ, ತುಕ್ಕಿನ ಅಡಿಯಲ್ಲಿ ಏನೋ ಅಕ್ಷರ ಇದ್ದ ಹಾಗಿತ್ತು. ಮೆತ್ತನೆ ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ನಿಧಾನಕ್ಕೆ ಒರೆಸಿದೆ. ಸ್ಯಾಂಡ್‌ಪೇಪರ್ ಮುಟ್ಟಲೇ ಇಲ್ಲ. ಆ ಕಾಲದ ಬಣ್ಣ ಹೋದರೆ ಮತ್ತೆ ಬರುವುದಿಲ್ಲ ಅಲ್ವಾ? ‘ಇಟಿ64’ ಅಂತ ಕಾಣಿಸಿತು. ಇಟಿ ಅಂದರೆ ಜರ್ಮನಿಯ ಥಾಲೆ ಊರಿನ ಕಾರ್ಖಾನೆ. 1916ರಲ್ಲಿ ಜರ್ಮನ್ ಸೇನೆಯ ಮೊದಲ ಉಕ್ಕಿನ ಹೆಲ್ಮೆಟ್‌ಗಳೂ ಅಲ್ಲೇ ತಯಾರಾಗಿದ್ದವು. 64 ಅನ್ನುವುದು ಹೊರಚಿಪ್ಪಿನ ಅಳತೆ. ಅದಕ್ಕೆ 56 ಅಥವಾ 57ರ ತಲೆ ಅಳತೆಯ ಲೈನರ್ ಬೇಕು. ನಾನು ತಂದಿದ್ದರ ಲೋಹದ ಪಟ್ಟಿಯ ಮೇಲೆ 66, 59 ಅಂತಿತ್ತು. ಅದನ್ನು ಮೊದಲೇ ಓದಬೇಕಿತ್ತು.

ಎರಡು ತಿಂಗಳು ಕಾದ ಮೇಲೆ 64, 57ರದ್ದು ಸಿಕ್ಕಿತು. ಎಂಟು ಚರ್ಮದ ನಾಲಗೆಗಳೂ ಹಾಗೇ ಇವೆ. ಮೂರೂ ಪಿನ್ ಬೆರಳಲ್ಲೇ ಒತ್ತಿದೆ, ಸಲೀಸಾಗಿ ಕೂತವು.