‘ಬಾಕಿ’ ಅಂತ ಬರೆದು ಮಲ್ಪೆಯಲ್ಲಿ ಬೈಸಿಕೊಂಡೆ

ಪಿಗ್ಮಿ ಅಂದರೆ ದಿನಾ ಬಾಗಿಲಿಗೇ ಬಂದು ಕಟ್ಟಿಸಿಕೊಳ್ಳುವ ಸಣ್ಣ ಉಳಿತಾಯ. ಅದರ ಆ್ಯಪ್‌ನ ಪ್ರೊಟೊಟೈಪ್, ಅಂದರೆ ಮೊದಲ ಮಾದರಿ, ಟೆಸ್ಟ್ ಮಾಡಲು ಮಲ್ಪೆಯ ಮೀನುಗಾರಿಕಾ ಬಂದರಿಗೆ ಹೋಗುತ್ತೇನೆ ಅಂದಾಗ ಆಫೀಸಿನಲ್ಲಿ ಎಲ್ಲರೂ ನಕ್ಕಿದ್ದರು. "ಮೀನು ತರ್ಲಿಕ್ಕಾ?" ಅಂತ ಒಬ್ಬ ಕೇಳಿಯೂ ಕೇಳಿದ. ಈಗ ಅವನೇ ನಾನು ಟೆಸ್ಟಿಗೆ ಬರೆದ ಸನ್ನಿವೇಶದ ಚೀಟಿಗಳನ್ನು ಕೇಳುತ್ತಿದ್ದಾನೆ.

ಕ್ಲೈಂಟ್ ಉಡುಪಿಯ ಒಂದು ಸೊಸೈಟಿ. ಪಿಗ್ಮಿ ಹುಟ್ಟಿದ್ದೇ ಈ ಊರಲ್ಲಿ. ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕಿನವರು 1928ರಲ್ಲಿ ಶುರು ಮಾಡಿದ್ದು. ನಮ್ಮ ಅಜ್ಜಿಯೂ ಕಟ್ಟಿದವಳೇ. ಹಾಗಾಗಿ ನನಗೆಲ್ಲ ಗೊತ್ತು ಅನ್ನುವ ಜಂಬ ಬೇರೆ.

ಮೊದಲ ಸುತ್ತು ಎಸಿ ರೂಮಿನಲ್ಲಿ ಆಯಿತು. ಪಿಗ್ಮಿ ದುಡ್ಡು ಸಂಗ್ರಹಿಸುವ ಎಂಟು ಕಲೆಕ್ಟರ್‌ಗಳು, ಊಟ, ಬಾಡಿಗೆ ಕ್ಯಾಮೆರಾ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಖರ್ಚು. "100 ರೂಪಾಯಿ ಜಮೆ ಮಾಡಿ" ಅಂದೆ. ಬಟನ್ ಮೇಲೂ ‘ಜಮೆ ಮಾಡಿ’ ಅಂತಲೇ ಇತ್ತು! ಎಂಟೂ ಜನ ಪಾಸ್. "ಲಾಯ್ಕ ಉಂಟು" ಅಂದರು, ಊಟ ಮಾಡಿ ಹೋದರು. ನನಗೆ ಸಿಕ್ಕಿದ್ದು ಸೊನ್ನೆ. ಇನ್ನೊಂದು ಸುತ್ತಿಗೆ ದುಡ್ಡಿಲ್ಲ ಅಂದಿತು ಸೊಸೈಟಿ. ಕಿಸೆಯಿಂದ ಮೂರು ಸಾವಿರ ಚಿಲ್ಲರೆ ಹಾಕಿದೆ.

ಈ ಸಲ ಟೆಸ್ಟ್ ಮಲ್ಪೆಯ ದಕ್ಕೆಯಲ್ಲೇ, ಬೋಟು ಬಂದು ನಿಲ್ಲುವ ಕಡೆ. ಕಲೆಕ್ಟರ್‌ಗೆ ಕೊಟ್ಟ ಚೀಟಿಯಲ್ಲಿ ಸ್ಕ್ರೀನಿನ ಒಂದು ಪದವನ್ನೂ ಬರೆಯಲಿಲ್ಲ. "ಆಗಸ್ಟ್ ಮೊದಲ ವಾರ. ಬೋಟು ಈಗಷ್ಟೇ ಕಡಲಿಗೆ ಇಳಿದಿದೆ. ದಿನಾ 50 ಕೊಡುತ್ತಿದ್ದ ಅಕ್ಕ ಎರಡು ತಿಂಗಳಿಂದ ಕೊಟ್ಟಿಲ್ಲ. ಇವತ್ತು 500ರ ನೋಟು ಕೊಟ್ಟು, ಮುನ್ನೂರು ಇಟ್ಟುಕೊಳ್ಳಿ ಅಂದರು. ಹಿಂದೆ ಗಿರಾಕಿ ಕಾಯ್ತಾ ಇದ್ದಾರೆ." ಇಷ್ಟೇ. ಅಕ್ಕನ ಪಾತ್ರಕ್ಕೆ ನಿಜವಾದ ಮೀನು ಮಾರುವವರೊಬ್ಬರು ಒಪ್ಪಿದರು. ಹೇಗೆ ಒಪ್ಪಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಕಲೆಕ್ಟರ್ ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದರಲ್ಲಿ ಚಿಲ್ಲರೆ ಹುಡುಕುತ್ತಿದ್ದರು. ನೋಟು ಒದ್ದೆ, ಬೆರಳೂ ಒದ್ದೆ. ನಾಲ್ಕು ಸಲ ಒತ್ತಿದರೂ ಸ್ಕ್ರೀನ್ ಕೇಳಲಿಲ್ಲ. ಅಷ್ಟರಲ್ಲಿ ಅಕ್ಕ ಬಗ್ಗಿ ನೋಡಿದರು. ನಾನು ಕೆಂಪಕ್ಷರದಲ್ಲಿ ಹಾಕಿದ್ದೆ: ‘ಬಾಕಿ: 61 ದಿನ’.

"ಎಂತದು ಬಾಕಿ? ನಾನೆಂತ ಸಾಲ ತೆಗ್ದಿದ್ದೇನಾ?"

ಅದು ಸುಳ್ಳು ಖಾತೆ, ಅವರದ್ದಲ್ಲವೇ ಅಲ್ಲ. ಆದರೂ ಸಿಟ್ಟು ನಿಜ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆ 61 ದಿನ ದುಡಿಮೆಯೇ ಇರುವುದಿಲ್ಲ. ನನ್ನ ಆ್ಯಪ್ ಅದನ್ನು ಅವರ ತಪ್ಪು ಅಂತ ತೋರಿಸಿತ್ತು. ಎಸಿ ರೂಮಿನ ಎಂಟು ಜನರಲ್ಲಿ ಒಬ್ಬರೂ ಇದನ್ನು ಹೇಳಿರಲಿಲ್ಲ. ಯಾಕೆ ಹೇಳ್ತಾರೆ? ಅಲ್ಲಿ ಅಕ್ಕ ಇರಲಿಲ್ಲವಲ್ಲ.

ಮಧ್ಯೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ತುಳುವಿನಲ್ಲಿ ಮೊತ್ತ ಓದಿ ಹೇಳುವ ಧ್ವನಿ ಸೇರಿಸಿದೆ. ದಕ್ಕೆಯ ಗದ್ದಲದಲ್ಲಿ ಕೇಳಿಸಲೇ ಇಲ್ಲ. ಕೇಳಿಸಿದ ಒಂದೇ ಕಡೆ ಪಕ್ಕದ ಅಂಗಡಿಯವನಿಗೆ ಎಷ್ಟು ಕಟ್ಟುತ್ತಾರೆ ಅಂತ ಗೊತ್ತಾಗಿ ಫಜೀತಿ. ತೆಗೆದು ಹಾಕಿದೆ.

‘ಬಾಕಿ’ ಹೋಯಿತು, ‘ಕೊನೆಗೆ ಕಟ್ಟಿದ್ದು’ ಬಂತು. ಬಟನ್ ಹೆಬ್ಬೆರಳಿನಷ್ಟು ದೊಡ್ಡದಾಯಿತು. ಒಂದೂವರೆ ನಿಮಿಷ ಹಿಡಿಯುತ್ತಿದ್ದ ಕೆಲಸ ಇಪ್ಪತ್ತು ಸೆಕೆಂಡಿಗೆ ಇಳಿಯಿತು. ವಿಡಿಯೊ ನೋಡಿದ ಮೇಲೆ ಮೂರನೇ ಸುತ್ತಿನ ಖರ್ಚನ್ನು ಸೊಸೈಟಿಯೇ ಕೊಟ್ಟಿತು. ಎರಡನೆಯದ್ದು ಮಾತ್ರ ಇನ್ನೂ ಬಂದಿಲ್ಲ.