ನೂರೈವತ್ತು ರೂಪಾಯಿಯ ಗೈರೋ ದಾರಿಗೆ ಬಂದದ್ದು

ಎಂಪಿಯು-6050 (ಗಾಡಿ ಎಷ್ಟು ತಿರುಗಿತು ಅಂತ ಅಳೆಯುವ ಅಗ್ಗದ ಗೈರೋ ಮಾಡ್ಯೂಲು) ಬಿಸಾಕು, ಎರಡೂವರೆ-ಮೂರು ಸಾವಿರ ಕೊಟ್ಟು ಇನ್ನೂ ಒಳ್ಳೆಯ ಸೆನ್ಸರ್ ಆದ ಬಿಎನ್‌ಒ055 ಹಾಕು ಅಂತ ನಾನು ಕೇಳಿದವರೆಲ್ಲ ಹೇಳಿದ್ದರು. ಎರಡು ಚಕ್ರದ ನನ್ನ ರೋಬೋಟ್ ಗಾಡಿ ಈಗ ಅದೇ ಹಳೇ ಮಾಡ್ಯೂಲಿನಲ್ಲಿ ಹತ್ತು ನಿಮಿಷ ಓಡಿದರೂ ದಿಕ್ಕು ತಪ್ಪುವುದು ಎರಡು ಡಿಗ್ರಿ ಆಚೀಚೆ.

ಮೊದಲು ಎಲ್ಲರಂತೆ ಆನ್ ಆದ ಕೂಡಲೇ ಸಾವಿರ ರೀಡಿಂಗ್‌ ಸರಾಸರಿ ತೆಗೆದು ಅದನ್ನೇ ಕೊನೇತನಕ ಕಳೆಯುತ್ತಿದ್ದೆ. ಬೋರ್ಡ್ ಬಿಸಿಯಾದಂತೆ ಬಯಾಸ್, ಅಂದರೆ ನಿಂತಿದ್ದಾಗಲೂ ಗೈರೋ ತೋರಿಸುವ ಸುಳ್ಳು ತಿರುಗುವೇಗ, ಜಾರುತ್ತದೆ. ಸೆಕೆಂಡಿಗೆ 0.05 ಡಿಗ್ರಿ ಜಾರಿದರೂ ಹತ್ತು ನಿಮಿಷಕ್ಕೆ 30 ಡಿಗ್ರಿ. ಗಾಡಿ ಬಾಗಿಲು ಬಿಟ್ಟು ಗೋಡೆಗೆ ನುಗ್ಗುತ್ತಿತ್ತು.

ದಿಕ್ಸೂಚಿಯಂತೆ ದಿಕ್ಕು ಹೇಳುವ ಮ್ಯಾಗ್ನೆಟೋಮೀಟರ್‌ಗೆ ಮುನ್ನೂರು ರೂಪಾಯಿ, ಎರಡು ಸಂಜೆ ದಂಡ. ಎಚ್‌ಎಂಸಿ5883ಎಲ್ ಅಂತ ಮಾರಿದ ಬೋರ್ಡು ಆ ಚಿಪ್ಪಿನ ಹೆಕ್ಸ್ 1ಇ ವಿಳಾಸದಲ್ಲಿ ಉತ್ತರಿಸಲಿಲ್ಲ. ಸ್ಕ್ಯಾನ್ ಮಾಡಿದರೆ 0ಡಿ, ಒಳಗಿದ್ದದ್ದು ಬೇರೆಯೇ ಆದ ಕ್ಯೂಎಂಸಿ ಚಿಪ್. ಲೈಬ್ರರಿ ಬದಲಿಸಿ, ಮೋಟರಿನಿಂದ ಹದಿನೈದು ಸೆಂಟಿಮೀಟರ್ ಮೇಲೆ ನೈಲಾನ್ ಕಂಬಕ್ಕೆ ಕೂರಿಸಿ, ಹಾರ್ಡ್ ಐರನ್ ದೋಷ (ಗಾಡಿಯದೇ ಕಬ್ಬಿಣದ ಕಾಂತಪ್ರಭಾವ) ತಿದ್ದಿದ ಮೇಲೂ ಎರಡು ಮೀಟರ್ ಸರಿದರೆ ಸುಮಾರು 15 ಡಿಗ್ರಿ ವ್ಯತ್ಯಾಸ. ಆ ತಿದ್ದುಪಡಿ ಗಾಡಿ ಜೊತೆ ತಿರುಗೋ ಕಬ್ಬಿಣಕ್ಕೆ ಮಾತ್ರ, ಆರ್‌ಸಿಸಿ ನೆಲದ ಸರಳಿಗಲ್ಲ. ಕಿತ್ತಿಟ್ಟೆ.

ಕೈ ಹಿಡಿದದ್ದು ಗಾಡಿ ನಿಲ್ಲುವ ಹೊತ್ತು. ಚಕ್ರ ತಿರುಗಿದ್ದನ್ನು ಟಿಕ್ ಲೆಕ್ಕದಲ್ಲಿ ಎಣಿಸುವ ಎರಡೂ ಎನ್‌ಕೋಡರ್ ಎರಡು ಸೆಕೆಂಡ್ ಒಂದು ಟಿಕ್ ಕೂಡ ಕೊಡದಿದ್ದರೆ ಆಗ ಗೈರೋ ಹೇಳುವುದೆಲ್ಲ ಸುಳ್ಳು, ಅಂದರೆ ಬಯಾಸ್. 200 ಹರ್ಟ್ಜ್‌ನಲ್ಲಿ 400 ರೀಡಿಂಗ್ ಸರಾಸರಿ. ಹಳೇ ಬಯಾಸ್‌ನ 0.8 ಪಾಲಿಗೆ ಇದರ 0.2 ಸೇರಿಸಿದೆ. ಪೂರ್ತಿ ಬದಲಿಸಿದರೆ ಒಂದು ಕೆಟ್ಟ ನಿಲುಗಡೆ ಸಾಕು, ಎಲ್ಲ ಹಾಳು. ಹಾಳಾಗಿಯೂ ಇತ್ತು: ಯಾರೋ ಗಾಡಿ ಎತ್ತಿ ತಿರುಗಿಸಿದರು, ಚಕ್ರ ಅಲುಗಲಿಲ್ಲ, ತಿರುಗಿದ್ದನ್ನೇ ಬಯಾಸ್ ಅಂತ ನುಂಗಿತು. ಈಗ ಆ 400ರಲ್ಲಿ ಗೈರೋ, ಆಕ್ಸೆಲರೋಮೀಟರ್ (ಅಲುಗಾಟ ಅಳೆಯುವ ಸೆನ್ಸರ್) ಎರಡರ ಏರಿಳಿತವೂ ಮಿತಿಯೊಳಗಿದ್ದರೆ ಮಾತ್ರ ಒಪ್ಪಿಗೆ. ನನ್ನ ಮಿತಿ ಎಷ್ಟು ಅಂತ ಬರೆಯಲ್ಲ, ನಿಮ್ಮ ಮೋಟರಿನ ನಡುಕಕ್ಕೆ ಅದು ಹೊಂದುವುದೂ ಇಲ್ಲ.

ಸ್ಕೇಲ್, ಅಂದರೆ ತಿರುಗಿದ್ದಕ್ಕಿಂತ ಹೆಚ್ಚೋ ಕಮ್ಮಿಯೋ ತೋರಿಸುವುದು, ಬೇರೆ ರೋಗ. ಗಾಡಿಯ ಬದಿಯನ್ನು ಗೋಡೆಗೆ ಒತ್ತಿಟ್ಟು ಶುರುಮಾಡಿ, ಕೈಯಲ್ಲಿ ಹತ್ತು ಸುತ್ತು ತಿರುಗಿಸಿ, ಮತ್ತೆ ಅದೇ ಬದಿ ಒತ್ತಿದರೆ 3600 ಬರಬೇಕು. ನನಗೆ ಬಂದದ್ದು 3548ರ ಆಸುಪಾಸು, ಹಾಗಾಗಿ 1.0147ರಿಂದ ಗುಣಿಸಿದೆ. ಬಲಕ್ಕೂ ಎಡಕ್ಕೂ ಬೇರೆ ಬೇರೆ ಬಂದರೆ ಬಹುಪಾಲು ಬಯಾಸ್ ಇನ್ನೂ ಸರಿಯಾಗಿ ಕಳೆದಿಲ್ಲ ಅಂತ ಅರ್ಥ.

ಹೇರ್ ಡ್ರೈಯರ್ ಹಿಡಿದು ಯಾವ ತಾಪಮಾನಕ್ಕೆ ಎಷ್ಟು ಬಯಾಸ್ ಅನ್ನುವ ಪಟ್ಟಿಯನ್ನೂ ಮಾಡಿ ನೋಡಿದೆ. ಬಿಸಿಯಾಗುವಾಗ ಒಂದು ಗೆರೆ, ಆರುವಾಗ ಇನ್ನೊಂದು; ಬಿಟ್ಟೆ. ಉದ್ದ ಓಟದಲ್ಲಿ ನಿಲುಗಡೆಯೇ ಸಿಗದಿದ್ದರೆ ತೊಂಬತ್ತು ಸೆಕೆಂಡಿಗೊಮ್ಮೆ ನಾನೇ ನಿಲ್ಲಿಸುತ್ತೇನೆ, ಬ್ರೇಕ್ ಹಾಕಿ ಅರ್ಧ ಸೆಕೆಂಡ್ ಬಿಟ್ಟು ಎಣಿಕೆ ಶುರು, ಚಾಸಿಯ ತೂಗಾಟ ಅಡಗಬೇಕಲ್ಲ.