ಡಯಾಬಿಟಿಸ್ ಲ್ಯಾಬ್‌ಗೆ ಹೊಸದಾಗಿ ಸೇರಿದೀರಾ? ಮೊದಲ ಜಿಟಿಟಿ ದಿನಕ್ಕೆ ಹೀಗೆ ರೆಡಿಯಾಗಿ

ಎಂಎಸ್ಸಿ ಮುಗಿಸಿ, ನೆಟ್ ಪಾಸ್ ಮಾಡಿ, ಯೂನಿವರ್ಸಿಟಿ ಬಯೋಕೆಮಿಸ್ಟ್ರಿ ಡಿಪಾರ್ಟ್‌ಮೆಂಟ್‌ನ ಡಯಾಬಿಟಿಸ್ ಲ್ಯಾಬ್‌ಗೆ ಸೇರ್ಕೊಂಡ್ರಿ ಅಂದ್ಕೊಳಿ. ಮೊದಲ ವಾರದಲ್ಲೇ ಊರಿಂದ ಮಾವ ಫೋನ್ ಮಾಡಿ "ಏನಪ್ಪಾ, ಶುಗರ್‌ಗೆ ಔಷಧಿ ಕಂಡುಹಿಡಿದ್ಯಾ?" ಅಂತಾರೆ, ಪಕ್ಕದ್ಮನೆ ಆಂಟಿ ಕುಂಡದಲ್ಲಿರೋ ಇನ್ಸುಲಿನ್ ಗಿಡದ ಎಲೆ ಕಿತ್ತು ತಂದು ಇದನ್ನ ಟೆಸ್ಟ್ ಮಾಡಿ ನೋಡು ಅಂತಾರೆ. ಇದಕ್ಕೆಲ್ಲ ನಕ್ಕು ಸುಮ್ನಾಗ್ಬೋದು. ಆದ್ರೆ ಸೀನಿಯರ್ ಬಂದು "ಮುಂದಿನ ತಿಂಗಳು ಜಿಟಿಟಿ ಇದೆ, ನೀನೇ ಮಾಡು" ಅಂದಾಗ ಸುಮ್ನಾಗಕ್ಕಾಗಲ್ಲ. ಅವತ್ತು ನನಗೆ ಯಾರಾದ್ರೂ ಹೇಳಿದ್ರೆ ಚೆನ್ನಾಗಿರ್ತಿತ್ತು ಅನ್ಸಿದ್ದನ್ನೆಲ್ಲ ಇಲ್ಲಿ ಬರೀತಿದೀನಿ.

ಜಿಟಿಟಿ ಅಂದ್ರೆ ಗ್ಲೂಕೋಸ್ ಟಾಲರೆನ್ಸ್ ಟೆಸ್ಟ್, ಗರ್ಭಿಣಿಯರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡ್ತಾರಲ್ಲ ಅದೇ, ಇಲ್ಲಿ ಪುಟ್ಟ ಇಲಿಗೆ (ಮೌಸ್) ಮಾಡ್ತೀವಿ ಅಷ್ಟೇ. ಗ್ಲೂಕೋಸ್ ಕೊಟ್ಟು 0, 15, 30, 60, 90, 120 ನಿಮಿಷಕ್ಕೆ ಬಾಲದ ತುದಿಯಿಂದ ಒಂದೊಂದು ಹನಿ ರಕ್ತ ತಗೊಂಡು ಗ್ಲೂಕೋಮೀಟರ್‌ಗೆ ಹಾಕೋದು. ಕೇಳಕ್ಕೆ ತುಂಬಾ ಈಸಿ. ಪ್ರಾಣಿ ಮುಟ್ಟೋ ಮುಂಚೆ ಎಥಿಕ್ಸ್ ಕಮಿಟಿ ಅನುಮತಿ ಬಂದಿದೆಯಾ, ಅದರಲ್ಲಿ ನಿಮ್ಮ ಹೆಸರು ಇದೆಯಾ, ಎಷ್ಟು ಇಲಿಗೆ ಅಂತ ಇದೆ ಅನ್ನೋದನ್ನ ಕಣ್ಣಾರೆ ನೋಡಿ, ಸೀನಿಯರ್ ಬಾಯಿಮಾತು ನಂಬ್ಕೊಂಡು ಹೋಗ್ಬೇಡಿ.

ನನ್ನ ಮೊದಲ ಜಿಟಿಟಿಲಿ ಕಂಟ್ರೋಲ್ ಇಲಿಗಳ ಫಾಸ್ಟಿಂಗ್ ರೀಡಿಂಗ್ 220, 235 ಅಂತ ಬಂತು, ಅಂದ್ರೆ ಏನೂ ಕಾಯಿಲೆ ಇಲ್ಲದ, ಮಾಮೂಲಿ ಫೀಡ್ ತಿನ್ಕೊಂಡಿದ್ದ ಇಲಿಗಳು. ಗೈಡ್ ಗ್ರಾಫ್ ನೋಡಿ "ಇದು ಇಲಿ ಶುಗರ್ರಾ, ನಿನ್ನ ಶುಗರ್ರಾ?" ಅಂದ್ರು. ಆಮೇಲೆ ಗೊತ್ತಾಯ್ತು, ನಾನು ಒಂದೊಂದನ್ನೂ ಕೇಜ್ ತುಂಬಾ ಅಟ್ಟಾಡಿಸಿ ಬಾಲ ಹಿಡಿದು ಎತ್ತಿದ್ದೆ, ಅದಕ್ಕೆ ಹೆದರಿಕೆ ಆಗಿ ಅಡ್ರಿನಲಿನ್ ಏರಿ ಲಿವರ್ ಇದ್ದಬದ್ದ ಗ್ಲೂಕೋಸ್ ಹೊರಗೆ ಬಿಟ್ಟಿತ್ತು. ಹಾಗಾಗಿ ತಯಾರಿ ಶುರು ಮಾಡ್ಬೇಕಾಗಿರೋದು ಕೆಮಿಕಲ್ ಅಲಮಾರಿಯಿಂದ ಅಲ್ಲ, ಪ್ರಾಣಿ ಮನೆಯಿಂದ.

ಕನಿಷ್ಠ ಎರಡು ವಾರ ಮುಂಚೆಯಿಂದ ದಿನಾ ಹೋಗಿ ಇಲಿಗಳನ್ನ ಎತ್ಕೊಳಿ. ಬಾಲ ಹಿಡಿದು ಎತ್ತಬೇಡಿ, ಎರಡು ಅಂಗೈ ಬೊಗಸೆ ಮಾಡಿ ಎತ್ತಿ, ಇಲ್ಲಾಂದ್ರೆ ಕೇಜ್ ಒಳಗೆ ಒಂದು ಪ್ಲಾಸ್ಟಿಕ್ ಕೊಳವೆ ಇಟ್ಟು ಅದರೊಳಗೆ ಹೊಕ್ಕಿದ ಮೇಲೆ ಕೊಳವೆ ಸಮೇತ ಎತ್ತಿ. 2010ರಲ್ಲಿ ಲಿವರ್‌ಪೂಲ್ ಯೂನಿವರ್ಸಿಟಿಯವರು ಇದನ್ನೇ ಮಾಡಿ ತೋರಿಸಿದ್ರು, ಬಾಲ ಹಿಡಿಸ್ಕೊಂಡ ಇಲಿಗಳಿಗೆ ಆತಂಕ ಜಾಸ್ತಿ, ಕೊಳವೆಯಲ್ಲಿ ಎತ್ತಿದ್ದಕ್ಕೆ ಕಮ್ಮಿ. ಇನ್ನೊಂದು ತಮಾಷೆ ಅಂದ್ರೆ 2014ರಲ್ಲಿ ಕೆನಡಾದ ಮೆಕ್‌ಗಿಲ್ ಯೂನಿವರ್ಸಿಟಿಯವರು ಗಂಡಸರ ವಾಸನೆಗೇ ಇಲಿಗಳಿಗೆ ಸ್ಟ್ರೆಸ್ ಆಗತ್ತೆ ಅಂತ ಕಂಡ್ಕೊಂಡ್ರು, ಗಂಡಸರು ಹಾಕಿ ಬಿಚ್ಚಿದ ಟೀಶರ್ಟ್ ಪಕ್ಕದಲ್ಲಿಟ್ರೂ ಸಾಕಂತೆ. ಅದಕ್ಕೆ ಅಂತ ಹುಡುಗರು ಲ್ಯಾಬ್ ಬಿಟ್ಟು ಹೋಗ್ಬೇಕಿಲ್ಲ, ಆದ್ರೆ ಜಿಟಿಟಿ ದಿನ ಅರ್ಧ ಇಲಿ ಅವನು, ಅರ್ಧ ಇಲಿ ಅವಳು ಹಿಡಿಯೋದು ಬೇಡ. ಯಾರು ಶುರು ಮಾಡಿದ್ರೋ ಅವರೇ ಮುಗಿಸ್ಬೇಕು. ಸೆಂಟ್ ಹಾಕ್ಬೇಡಿ. ಅವತ್ತೇ ಬಂದು ರೂಮ್ ತೊಳೀಬೇಡಿ ಅಂತ ಅಟೆಂಡರ್ ಅಣ್ಣಂಗೆ ಹಿಂದಿನ ದಿನಾನೇ ಹೇಳಿಟ್ಟಿರಿ.

ಈಗ ಸ್ಟ್ರಿಪ್ ವಿಷಯ. 10 ಇಲಿ, ಆರು ರೀಡಿಂಗ್, 60 ಸ್ಟ್ರಿಪ್ ಅಂತ ಲೆಕ್ಕ ಹಾಕಿ 60 ತಂದ್ರೆ ಕೆಟ್ರಿ. ರಕ್ತ ಸಾಲದೆ ಎರರ್ ಬರತ್ತೆ, ಕೈ ಜಾರಿ ಬೀಳತ್ತೆ, 75 ಆದ್ರೂ ಇರ್ಲಿ, ಎಲ್ಲಾ ಒಂದೇ ಲಾಟ್ ನಂಬರ್‌ದು. ನಾನು ಒಂದ್ಸಲ ಮಧ್ಯದಲ್ಲಿ ಸ್ಟ್ರಿಪ್ ಖಾಲಿಯಾಗಿ ಮನೆಗೆ ಓಡಿ ಅಮ್ಮನ ಡಬ್ಬ ತಂದೆ, ಅದು ಬೇರೆ ಕಂಪನೀದು, ಮೀಟರ್‌ಗೆ ಹೋಗ್ಲೇ ಇಲ್ಲ, ಮೇಲಿಂದ ಅಮ್ಮ "ಇಲಿಗೆ ಸಕ್ಕರೆ ಕುಡಿಸಕ್ಕೆ ನನ್ನ ಸ್ಟ್ರಿಪ್ ಬೇಕು, ನಾನು ಒಂದು ಹೋಳಿಗೆ ತಿಂದ್ರೆ ಕಣ್ಣು ಬಿಡ್ತೀಯ" ಅಂತ ಬೈದ್ರು. ಮೂರು ಕೊಟೇಶನ್, ಇಂಡೆಂಟ್, ಫೈನಾನ್ಸ್ ಸೆಕ್ಷನ್ ಸಹಿ ಅಂತ ಸುತ್ತೋ ಕಾಗದ ಎಷ್ಟು ದಿನ ತಗೊಳತ್ತೆ ಅಂತ ಯಾರಿಗೂ ಗೊತ್ತಿಲ್ಲ, ಎರಡು ತಿಂಗಳು ಮುಂಚೆ ಹಾಕಿ. ಜೆಆರ್‌ಎಫ್, ಅಂದ್ರೆ ರಿಸರ್ಚ್ ಮಾಡೋರಿಗೆ ಕೊಡೋ ಫೆಲೋಶಿಪ್, 2023ರಲ್ಲಿ 37,000 ಆಯ್ತು ನಿಜ, ಅದು ತಿಂಗಳು ತಿಂಗಳು ಬರತ್ತೆ ಅನ್ನೋ ಧೈರ್ಯದ ಮೇಲೆ ಕೈಯಿಂದ ಹಾಕ್ಕೊಂಡು ತರಕ್ಕೆ ಹೋಗ್ಬೇಡಿ.

ಫಾಸ್ಟಿಂಗ್ ಎಷ್ಟು ಗಂಟೆ ಅನ್ನೋದು ಪ್ರತಿ ಲ್ಯಾಬ್‌ನಲ್ಲೂ ಜಗಳ. ರಾತ್ರಿಯೆಲ್ಲ ಉಪವಾಸ ಹಾಕೋರೇ ಜಾಸ್ತಿ, ಮನುಷ್ಯರಿಗೆ ಹಾಗೆ ಮಾಡ್ತಾರಲ್ಲ ಅಂತ. ಆದ್ರೆ ಇಲಿ ರಾತ್ರಿ ತಿನ್ನೋ ಪ್ರಾಣಿ ಕಣ್ರೀ, ನಾವು ಮಲ್ಗಿರೋ ಹೊತ್ತು ಅದರ ಊಟದ ಹೊತ್ತು, ರಾತ್ರಿ ಪೂರ್ತಿ ತೆಗೆದ್ರೆ ಅದು ಬರೀ ಫಾಸ್ಟಿಂಗ್ ಅಲ್ಲ, ಬರಗಾಲ. ಲಿವರ್‌ನಲ್ಲಿ ಕೂಡಿಟ್ಟಿರೋ ಸಕ್ಕರೆ, ಅಂದ್ರೆ ಗ್ಲೈಕೋಜನ್, ಖಾಲಿಯಾಗತ್ತೆ, ತೂಕ ಇಳಿಯತ್ತೆ. ನನ್ನ ಪ್ರಕಾರ ಆರು ಗಂಟೆ ಸಾಕು, ಬೆಳಗ್ಗೆ 7ಕ್ಕೆ ಆಹಾರ ತೆಗೀರಿ, ಮಧ್ಯಾಹ್ನ 1ಕ್ಕೆ ಶುರು ಮಾಡಿ. ನೀರು ಮಾತ್ರ ತೆಗೀಬೇಡಿ. ಮೇಲಿನ ಹಾಪರ್‌ನಿಂದ ಫೀಡ್ ತೆಗೆದ್ರೆ ಆಗ್ಲಿಲ್ಲ, ಕೇಜ್ ತಳಕ್ಕೆ ಹಾಸಿರೋ ಹೊಟ್ಟಿನೊಳಗೆ ಬಿದ್ದಿರೋ ಚೂರುಗಳನ್ನ ಅವು ಹುಡುಕಿ ತಿಂತಾವೆ, ಹಾಗಾಗಿ ಹೊಸ ಕೇಜ್‌ಗೇ ಹಾಕಿ. 60 ಪರ್ಸೆಂಟ್ ಕ್ಯಾಲರಿ ಕೊಬ್ಬಿನಿಂದ ಬರೋ ಆ ನೀಲಿ ಬಣ್ಣದ ಹೈ ಫ್ಯಾಟ್ ಫೀಡ್ ಇದ್ಯಲ್ಲ, ಅದು ಬೆಣ್ಣೆ ಥರ ಪುಡಿಪುಡಿಯಾಗಿ ಎಲ್ಲಾ ಕಡೆ ಅಂಟಿರತ್ತೆ.

ಗ್ಲೂಕೋಸ್ ದ್ರಾವಣ 20 ಪರ್ಸೆಂಟ್ ಮಾಡಿ. 20 ಗ್ರಾಂ ಗ್ಲೂಕೋಸನ್ನ ಸ್ವಲ್ಪ ನೀರಲ್ಲಿ ಕರಗಿಸಿ ಆಮೇಲೆ ಒಟ್ಟು 100 ಎಂಎಲ್‌ಗೆ ತರ್ಬೇಕು, 100 ಎಂಎಲ್ ನೀರಿಗೆ 20 ಗ್ರಾಂ ಸುರಿಯೋದಲ್ಲ, ಇದನ್ನ ಪಿಎಚ್‌ಡಿ ಮೂರನೇ ವರ್ಷದವರೂ ತಪ್ಪು ಮಾಡೋದು ನೋಡಿದೀನಿ. ಇಂಜೆಕ್ಷನ್‌ಗಾದ್ರೆ 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ. ಆಮೇಲೆ ಲೆಕ್ಕ ಸುಲಭ, ಒಂದು ಗ್ರಾಂ ತೂಕಕ್ಕೆ 10 ಮೈಕ್ರೋಲೀಟರ್, 25 ಗ್ರಾಂ ಇಲಿಗೆ 250, ಕೆಜಿಗೆ 2 ಗ್ರಾಂ ಡೋಸ್ ಸರಿಯಾಗಿ ಬೀಳತ್ತೆ. ತೂಕ ಅವತ್ತೇ ಫಾಸ್ಟಿಂಗ್ ಆದ್ಮೇಲೆ ನೋಡಿ, ಹೋದ ವಾರದ ತೂಕ ಹಾಕ್ಬೇಡಿ. ಬಾಯಿಗೆ ಕೊಡೋದಾ, ಹೊಟ್ಟೆಗೆ ಇಂಜೆಕ್ಷನ್ನಾ ಅಂತ ಮೊದಲೇ ಗೈಡ್ ಹತ್ರ ಕೇಳ್ಕೊಳಿ, ಎರಡೂ ಒಂದೇ ಅಲ್ಲ. ಗ್ಲೂಕೋಸ್ ಕರುಳಿನ ಮೂಲಕ ಹೋದ್ರೆ ಜಿಎಲ್‌ಪಿ-1 ಥರದ ಹಾರ್ಮೋನುಗಳು ಬಂದು ಇನ್ಸುಲಿನ್ ಇನ್ನೂ ಬಿಡಿಸ್ತಾವೆ, ಇಂಜೆಕ್ಷನ್‌ನಲ್ಲಿ ಆ ಭಾಗ ತಪ್ಪಿ ಹೋಗತ್ತೆ. ಬಾಯಿಗೆ ಕೊಡೋ ಗವಾಜ್ ಸೂಜಿ ಕಲಿತಿಲ್ಲ ಅಂದ್ರೆ ಅವತ್ತೇ ಟ್ರೈ ಮಾಡ್ಬೇಡಿ, ಶ್ವಾಸನಾಳಕ್ಕೆ ಹೋದ್ರೆ ಇಲಿ ಸತ್ತೇ ಹೋಗತ್ತೆ.

ಟೈಮಿಂಗ್ ಹಾಳೆ ಹಿಂದಿನ ರಾತ್ರಿನೇ ಬರ್ದಿಡಿ. ಒಂದು ಇಲಿಗೂ ಇನ್ನೊಂದಕ್ಕೂ ಒಂದು ನಿಮಿಷ ಗ್ಯಾಪ್ ಇಟ್ರೆ 16ನೇ ಇಲಿಗೆ ಗ್ಲೂಕೋಸ್ ಕೊಡೋ ಹೊತ್ತಿಗೆ ಸರಿಯಾಗಿ ಮೊದಲನೇದರ 15 ನಿಮಿಷದ ರೀಡಿಂಗ್ ಬಂದು ಡಿಕ್ಕಿ ಹೊಡೆಯತ್ತೆ, ಹಾಗಾಗಿ ಒಂದ್ಸಲಕ್ಕೆ 15ಕ್ಕಿಂತ ಜಾಸ್ತಿ ಆಗಲ್ಲ, ಹೊಸಬರಾದ್ರೆ 10 ಸಾಕು, ಮಧ್ಯ ಮಧ್ಯ ಉಸಿರಾಡಕ್ಕೆ ಐದು ನಿಮಿಷ ಸಿಗತ್ತೆ. ಕಂಟ್ರೋಲ್ ಎಲ್ಲಾ ಮೊದಲು, ಟ್ರೀಟೆಡ್ ಎಲ್ಲಾ ಆಮೇಲೆ ಅಂತ ಸಾಲಾಗಿ ಮಾಡ್ಬೇಡಿ, ಕಲಸಿ ಮಾಡಿ. ಇಬ್ಬರಿರಿ, ಒಬ್ರು ಇಲಿ ಮತ್ತು ಮೀಟರ್, ಇನ್ನೊಬ್ರು ಸ್ಟಾಪ್‌ವಾಚ್ ಮತ್ತು ಪೆನ್ನು. ಬರೆಯೋರಿಗೆ ಯಾವ ಇಲಿ ಯಾವ ಗ್ರೂಪ್ ಅಂತ ಗೊತ್ತಿಲ್ದಿದ್ರೆ ಇನ್ನೂ ಒಳ್ಳೇದು.

ಬಾಲದ ತುದೀಲಿ ಒಂದು ಮಿಲಿಮೀಟರ್‌ನಷ್ಟು ಒಂದೇ ಸಲ, ಹರಿತವಾದ ಕತ್ತರಿಯಿಂದ. ಮುಂದಿನ ರೀಡಿಂಗ್‌ಗೆ ಮತ್ತೆ ಕತ್ತರಿಸ್ಬೇಡಿ, ಹೆಪ್ಪುಗಟ್ಟಿದ್ದನ್ನ ಗಾಜ್ ಬಟ್ಟೆಯಿಂದ ಒರೆಸಿದ್ರೆ ಬರತ್ತೆ. ಮೊದಲ ಹನಿ ಒರೆಸಿ, ಎರಡನೇ ಹನಿ ತಗೊಳಿ. ಬಾಲನ ಹಸು ಹಾಲು ಕರೆದ ಹಾಗೆ ಹಿಂಡಿದ್ರೆ ರಕ್ತದ ಜೊತೆ ನೀರಂಶ ಬಂದು ರೀಡಿಂಗ್ ಕೆಡತ್ತೆ. ಮೀಟರ್ "ಹೈ" ಅಂತ ತೋರಿಸಿದ್ರೆ, ತುಂಬಾ ಮೀಟರ್‌ಗಳಲ್ಲಿ 600 ದಾಟಿದೆ ಅಂತ ಅರ್ಥ, ಡಯಾಬಿಟಿಸ್ ಬರಿಸಕ್ಕೆ ಅಂತ ಸ್ಟ್ರೆಪ್ಟೋಜೋಟೊಸಿನ್ ಅನ್ನೋ ಕೆಮಿಕಲ್ ಕೊಟ್ಟ ಇಲಿಗಳಲ್ಲಿ ಇದು ಮಾಮೂಲಿ. ಆಗ 600 ಅಂತ ಬರೀಬೇಡಿ, "ಹೈ" ಅಂತಲೇ ಬರೀರಿ, ಆಮೇಲೆ ಪ್ಲಾಸ್ಮಾ ಡೈಲ್ಯೂಟ್ ಮಾಡಿ ಗ್ಲೂಕೋಸ್ ಅಳೆಯೋ ಜಿಓಡಿ-ಪಿಓಡಿ ಕಿಟ್‌ನಲ್ಲಿ ನೋಡ್ಬೋದು.

ಕೆಲವು ವಾರ ಬಿಟ್ಟು ಇದೇ ಇಲಿಗಳಿಗೆ ಐಟಿಟಿ, ಅಂದ್ರೆ ಗ್ಲೂಕೋಸ್ ಬದಲು ಇನ್ಸುಲಿನ್ ಕೊಟ್ಟು ನೋಡೋ ಟೆಸ್ಟ್, ಮಾಡಿಸ್ತಾರೆ. ಅದರಲ್ಲಿ ಒಂದೇ ಒಂದು ಎಚ್ಚರಿಕೆ ಹೇಳ್ತೀನಿ. ನಮ್ಮ ದೇಶದ ಮೆಡಿಕಲ್ ಶಾಪ್‌ಗಳಲ್ಲಿ ಇನ್ಸುಲಿನ್ ವಯಲ್ ಎಂಎಲ್‌ಗೆ 40 ಯೂನಿಟ್‌ದೂ ಸಿಗತ್ತೆ, 100 ಯೂನಿಟ್‌ದೂ ಸಿಗತ್ತೆ, ಸಿರಿಂಜ್ ಕ್ಯಾಪ್ 40ಕ್ಕೆ ಕೆಂಪು, 100ಕ್ಕೆ ಕಿತ್ತಳೆ. ಲ್ಯಾಬ್ ಫ್ರಿಜ್‌ನಲ್ಲಿ ಇರೋದು 100ದು ಅಂತ ನೋಡದೆ ಹಳೇ ನೋಟ್‌ಬುಕ್‌ನ 40ರ ಲೆಕ್ಕ ಕಾಪಿ ಹೊಡೆದ್ರೆ ಎರಡೂವರೆ ಪಟ್ಟು ಡೋಸ್ ಹೋಗತ್ತೆ. ನಾನು ಮಾಡಿದೀನಿ. ಅರ್ಧ ಗಂಟೇಲಿ ಇಲಿಗಳು ಮುದುರಿ ಕೂತ್ವು, ಮುಟ್ಟಿದ್ರೂ ಅಲುಗಾಡ್ಲಿಲ್ಲ, ಪುಣ್ಯಕ್ಕೆ ಸೀನಿಯರ್ ಗ್ಲೂಕೋಸ್ ಸಿರಿಂಜ್ ತುಂಬಿ ಪಕ್ಕದಲ್ಲೇ ಇಟ್ಟಿದ್ರು, ಎರಡು ಹೋದ್ವು, ಉಳಿದವು ಬದುಕಿದ್ವು. ಅವತ್ತಿಂದ ವಯಲ್ ಮೇಲಿನ ನಂಬರನ್ನ ಜೋರಾಗಿ ಓದಿ ಪಕ್ಕದವರ ಕೈಲಿ ಹೌದು ಅನ್ನಿಸ್ಕೊಂಡೇ ಸೂಜಿ ಚುಚ್ಚೋದು.

120 ನಿಮಿಷದ ರೀಡಿಂಗ್ ಆದ ತಕ್ಷಣ ಎಲ್ರಿಗೂ ಲ್ಯಾಪ್‌ಟಾಪ್ ತೆಗೆದು ಗ್ರಾಫ್ ಹಾಕೋ ಆತುರ. ಮೊದಲು ಫೀಡ್ ವಾಪಸ್ ಹಾಕಿ, ಬಾಲದಲ್ಲಿ ರಕ್ತ ನಿಂತಿದೆಯಾ ಒಂದೊಂದನ್ನೂ ನೋಡಿ, ಇಲಿಗಳನ್ನ ಅವವೇ ಕೇಜ್‌ಮೇಟ್‌ಗಳ ಜೊತೆ ಬಿಡಿ, ಬೇರೆ ಗುಂಪಿಗೆ ಗಂಡು ಇಲಿ ಬಿಟ್ರೆ ರಾತ್ರಿಯೆಲ್ಲ ಕಚ್ಚಾಡ್ತಾವೆ. ಎಕ್ಸೆಲ್‌ಗೆ ಹಾಕೋವಾಗ ಯಾವ ಇಲಿ ಕೈ ತಪ್ಪಿಸ್ಕೊಂಡು ಓಡಿತ್ತು, ಯಾವುದಕ್ಕೆ ದ್ರಾವಣ ಸ್ವಲ್ಪ ಸೋರಿತು ಅನ್ನೋದನ್ನೂ ಪಕ್ಕದ ಕಾಲಂನಲ್ಲಿ ಬರೀರಿ. ಆರು ತಿಂಗಳು ಆದ್ಮೇಲೆ ಗೈಡ್ ಬೆರಳಿಟ್ಟು "ಈ 7ನೇ ಇಲಿ ಯಾಕೆ ಹಿಂಗೆ ಹಾರಿದೆ?" ಅಂತ ಕೇಳೇ ಕೇಳ್ತಾರೆ.